ಕ್ಷಮೆಯ ಭಾನುವಾರ, ಏಳು ದಿನದ ಮಾತ್ರೆ

ನೆಡೆಲ್ಚೊ ಮೂವತ್ತನಾಲ್ಕು ವರ್ಷ ಡ್ರೆನೊವೆತ್ಸ್ ಎಂಬ ಪುಟ್ಟ ರೈಲು ನಿಲ್ದಾಣದಲ್ಲಿ ಸ್ಟೇಷನ್ ಮಾಸ್ಟರನ ಕೆಂಪು ಟೋಪಿ ಹಾಕಿಕೊಂಡು ನಿಂತಿದ್ದವನು. ದಿನಕ್ಕೆ ಆರು ರೈಲು. ನಾಲ್ಕು ನಿಲ್ಲುತ್ತಿದ್ದವು, ಎರಡು ಅವನ ಸಲಾಮನ್ನೂ ಲೆಕ್ಕಿಸದೆ ಹೋಗಿಬಿಡುತ್ತಿದ್ದವು. ನಿವೃತ್ತನಾದ ಮೇಲೂ ಅವನ ಮೈಯೊಳಗೆ ವೇಳಾಪಟ್ಟಿ ಓಡುತ್ತಲೇ ಇತ್ತು. ಏಳೂ ಕಾಲಿಗೆ ಕಾಫಿ, ಹನ್ನೊಂದಕ್ಕೆ ಕೋಳಿಗಳ ಯೋಗಕ್ಷೇಮ, ಶನಿವಾರ ಸಂಜೆ ಪಕ್ಕದ ಮನೆಯ ತ್ಸೋನಾ.

ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ತ್ಸೋನಾಳೂ ಗಂಡನನ್ನು ಕಳೆದುಕೊಂಡವಳೇ. ಮೊದಮೊದಲು ಇಬ್ಬರೂ ಕೋಳಿಗಳ ವಿಷಯಕ್ಕೆ ಗೋಡೆಯಾಚೆಯಿಂದ ಕೂಗಾಡುತ್ತಿದ್ದರು. ಆಮೇಲೆ ಗೋಡೆಯ ಈಚೆ ಬಂದು ಕೂಗಾಡಿದರು. ಅದಾದ ಮೇಲೆ ಕೂಗಾಟ ನಿಂತು ಶನಿವಾರ ಶುರುವಾಯಿತು. ಈಸ್ಟರ್ ಕಳೆದ ಮುಂದಿನ ಭಾನುವಾರ ಮದುವೆ ಎಂದು ಪಾದ್ರಿಗೂ ಹೇಳಿಯಾಗಿತ್ತು.

ಕೆಟ್ಟದ್ದು ಒಂದು ಸಾಸೇಜಿನಿಂದ. ಚಳಿಗಾಲದ ಹಂದಿ ಕಡಿದ ದಿನ ನೆಡೆಲ್ಚೊ ತ್ಸೋನಾ ಮಾಡಿದ ಸಾಸೇಜನ್ನು ಬಾಯಲ್ಲಿಟ್ಟುಕೊಂಡು, "ನಮ್ಮವಳು ಇಷ್ಟು ಜೀರಿಗೆ ಹಾಕ್ತಿರಲಿಲ್ಲ" ಎಂದುಬಿಟ್ಟ. ತ್ಸೋನಾ ಮೂರು ವಾರ ಮಾತು ಬಿಟ್ಟಳು. ಮುನಿಸಿಕೊಂಡ ನೆಡೆಲ್ಚೊ ಮಂಡಿನೋವಿನ ನೆಪ ಹೇಳಿ ಬಿಸಿನೀರಿನ ಬುಗ್ಗೆಗಳ ಊರಿಗೆ ಹೊರಟುಹೋದ. ಅಲ್ಲಿ ಪಿಂಚಣಿದಾರರಿಗೆ ಬೆಳಿಗ್ಗೆ ಸ್ನಾನ, ಸಂಜೆ ಕುಣಿತ. ಲಿಲ್ಯಾನಾ ಎಂಬ ನಿವೃತ್ತ ಭೂಗೋಳದ ಮೇಡಂ ಅವನ ಮಂಡಿಯನ್ನು ಕುಣಿಸಿದರು. ಎರಡು ದಿನ ಮಂಡಿ ನೋಯಲೇ ಇಲ್ಲ.

ಊರಿಗೆ ಮರಳಿದಾಗ ತ್ಸೋನಾ ಬಾಗಿಲಲ್ಲಿ ಒಂದು ಬಾಟಲಿ ಉಪ್ಪಿನಕಾಯಿ ಇಟ್ಟಿದ್ದಳು. ರಾಜಿಯಾಯಿತು. ಎರಡು ಶನಿವಾರ ಕಳೆದವು. ಮೂರನೆಯ ಸೋಮವಾರ ಫೋನ್ ಬಂತು.

"ನೆಡೆಲ್ಚೊ ಅವರೇ," ಲಿಲ್ಯಾನಾ ಮೇಡಂ ಪಾಠ ಮಾಡುವ ದನಿಯಲ್ಲಿ ಹೇಳಿದರು, "ನನಗೆ ಕ್ಲಮೀಡಿಯಾ ಅಂತ ಬಂದಿದೆ. ನೀವೂ ತೋರಿಸ್ಕೊಳ್ಳಿ."

"ಯಾರು ಬಂದಿರೋದು?"

"ಯಾರೂ ಅಲ್ಲ ರೀ. ಅದು ರೋಗ."

ಜಿಲ್ಲಾ ಪಟ್ಟಣದ ಚರ್ಮ ಮತ್ತು ಗುಪ್ತರೋಗ ಚಿಕಿತ್ಸಾಲಯದಲ್ಲಿ ಕಾಯುವವರೆಲ್ಲ ಚರ್ಮದ ಕಡೆಯವರೇ. ಬೆಂಚಿನ ಮೇಲೆ ಕೂತವರು ಕೇಳದಿದ್ದರೂ ಅಂಗೈ ತೋರಿಸಿ "ತುರಿಕೆ" ಎನ್ನುತ್ತಿದ್ದರು. ನೆಡೆಲ್ಚೊ ಕೂಡ ಎರಡು ಸಲ ಮೊಣಕೈ ಕೆರೆದುಕೊಂಡ. ಒಳಗೆ ನರ್ಸ್ ಇಸ್ಕ್ರಾ ಕೂತಿದ್ದಳು. ದಪ್ಪ ಕನ್ನಡಕ, ದೊಡ್ಡ ಗಂಟಲು.

"ಎಲ್ಲಾ ನೋಡಿಬಿಡು ತಾಯಿ, ಇವತ್ತೇ," ಎಂದ ನೆಡೆಲ್ಚೊ. "ಒಂದೇ ಸಲಕ್ಕೆ ಮುಗೀಲಿ."

"ಎಷ್ಟು ದಿನ ಆಯ್ತು?"

"ಹದಿನೇಳು."

"ನೀವು ಸ್ಟೇಷನ್ ಮಾಸ್ಟರ್ ಆಗಿದ್ರಂತೆ ನೆಡೆಲ್ಚಣ್ಣ. ಹತ್ತು ಗಂಟೆ ರೈಲಿಗೆ ಏಳಕ್ಕೇ ಬಂದು ನಿಂತು 'ರೈಲೇ ಇಲ್ಲ' ಅಂತ ಯಾರಾದ್ರೂ ಕೂಗಾಡಿದ್ರೆ ಏನಂತಿದ್ರಿ?"

"ಬೆಂಚಿನ ಮೇಲೆ ಕೂತ್ಕೊ ಅಂತಿದ್ದೆ."

"ಇದೂ ಹಾಗೇ. ಕ್ಲಮೀಡಿಯಾ, ಗೊನೊರಿಯಾ ಎರಡು ವಾರಕ್ಕೆ ಪರೀಕ್ಷೇಲಿ ಕಾಣಿಸ್ಕೊಳ್ತವೆ. ಅವು ಇವತ್ತೇ ನೋಡ್ಬಹುದು. ಎಚ್‌ಐವಿಗೆ ಆರೂವರೆ ವಾರ ಆದ್ಮೇಲೆ ಬನ್ನಿ. ಸಿಫಿಲಿಸ್ ಇಲ್ವೇ ಇಲ್ಲ ಅಂತ ಖಾತ್ರಿ ಆಗ್ಬೇಕಾದ್ರೆ ಮೂರು ತಿಂಗಳು."

"ಮೂರು ತಿಂಗಳಾ? ಅಷ್ಟೊತ್ತಿಗೆ ನನ್ನ ಮದುವೆ ಮುಗಿದಿರತ್ತೆ."

ಇಸ್ಕ್ರಾ ಕನ್ನಡಕ ತೆಗೆದಳು. "ಯಾರ ಜತೆ?"

ಗುರುವಾರ ಉತ್ತರ ಬಂತು. ಕ್ಲಮೀಡಿಯಾ ಇದೆ. ನೋವಿಲ್ಲ, ಉರಿಯಿಲ್ಲ, ಏನೂ ಇಲ್ಲ ಎಂದು ನೆಡೆಲ್ಚೊ ವಾದಿಸಿದ. ಅದು ಬಾಗಿಲು ತಟ್ಟಿ ಬರುವ ಪೈಕಿಯದಲ್ಲ ಎಂದಳು ಇಸ್ಕ್ರಾ. ಗಾಬರಿಯಾಗಬೇಡಿ, ಪೂರ್ತಿ ವಾಸಿಯಾಗುವಂಥದ್ದು, ಏಳು ದಿನ ಮಾತ್ರೆ. ತುಂಬ ನೀರಿನ ಜತೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು, ಮಾತ್ರೆಯ ಹೊತ್ತಿಗೆ ಹಾಲು ಮೊಸರು ಚೀಸ್ ಬೇಡ, ಏಳು ದಿನ ಹಾಸಿಗೆಯಲ್ಲಿ ಒಬ್ಬರೇ.

"ಇದು ಉಪವಾಸವೇ ಆಯ್ತಲ್ಲ."

"ಸೋಮವಾರದಿಂದ ಈಸ್ಟರ್‌ವರೆಗಿನ ದೊಡ್ಡ ಉಪವಾಸ ಹೇಗೂ ಶುರುವಾಗತ್ತೆ, ನೀವು ನಾಲ್ಕು ದಿನ ಮುಂಚೆ ಹತ್ಕೊಂಡ್ರಿ. ಅದ್ಸರಿ, ಆಯಮ್ಮನಿಗೆ ಯಾವಾಗ ಹೇಳ್ತೀರಿ?"

"ಯಾರಿಗೆ?"

"ಮದುವೆ ಹೆಣ್ಣಿಗೆ. ನೀವೊಬ್ರೇ ನುಂಗಿದ್ರೆ, ಅವರಿಗಿದ್ರೆ ಮತ್ತೆ ನಿಮಗೆ ಬರತ್ತೆ, ನಿಮ್ಮಿಂದ ಮತ್ತೆ ಅವರಿಗೆ. ನಿಮ್ಮೂರಿನ ರೈಲಿಗಿಂತ ಚೆನ್ನಾಗಿ ಓಡತ್ತೆ. ಅವರು ಬರ್ಲೇಬೇಕು."

ಬಸ್ಸಿನಲ್ಲಿ ವಾಪಸ್ ಬರುವಾಗ ನೆಡೆಲ್ಚೊ ಲೆಕ್ಕ ಹಾಕಿದ. ಹೇಳಿದರೆ ತ್ಸೋನಾ ಹೋಗುತ್ತಾಳೆ. ಹೇಳದಿದ್ದರೆ ಅವಳ ಮೈಯಲ್ಲಿ ರೋಗ ಸದ್ದಿಲ್ಲದೆ ಕೂತಿರುತ್ತದೆ. ಎರಡನೆಯದು ಅವನಿಂದಾಗದು, ಅಷ್ಟು ಪ್ರೀತಿ ಇತ್ತು. ಮೊದಲನೆಯದೂ ಆಗದು, ಕಾರಣ ಅದೇ. ಬಸ್ಸು ಮೂರನೆಯ ಸೇತುವೆ ದಾಟುವಾಗ ಉಪಾಯ ಹೊಳೆಯಿತು. ಬರುವ ಭಾನುವಾರ ಕ್ಷಮೆಯ ಭಾನುವಾರ. ಅವತ್ತು ಯಾರು ಯಾರನ್ನೇ "ನನ್ನನ್ನು ಕ್ಷಮಿಸು" ಎಂದು ಕೇಳಲಿ, "ದೇವರು ಕ್ಷಮಿಸಲಿ" ಎನ್ನಲೇಬೇಕು. ಬೇರೆ ಉತ್ತರ ಆ ದಿನಕ್ಕೆ ಇಲ್ಲವೇ ಇಲ್ಲ. ಹಸಿರು ನಿಶಾನೆ ತಾನಾಗಿ ಬೀಳುವ ವರ್ಷದ ಒಂದೇ ದಿನ.

ಶನಿವಾರ ನೆಡೆಲ್ಚೊ ಜ್ವರ ಎಂದ. ಭಾನುವಾರ ಸಂಜೆ ಐದಕ್ಕೆ ತ್ಸೋನಾ ಚೀಸ್ ತುಂಬಿದ ಬಾನಿತ್ಸಾ ಹೊತ್ತು ಬಂದಳು. ಉಪವಾಸಕ್ಕೆ ಮೊದಲು ಚೀಸ್ ತಿನ್ನುವ ಕಡೆಯ ಊಟ. ನೆಡೆಲ್ಚೊ ಆಗತಾನೇ ಮಾತ್ರೆ ನುಂಗಿದ್ದ. ತಟ್ಟೆಯನ್ನು ಮೆಲ್ಲಗೆ ಆಚೆ ತಳ್ಳಿದ.

"ಯಾಕೆ, ನಿಮ್ಮವಳು ಇಷ್ಟು ಚೀಸ್ ಹಾಕ್ತಿರಲಿಲ್ವಾ?" ಎಂದಳು ತ್ಸೋನಾ.

ಪದ್ಧತಿಯ ಪ್ರಕಾರ ಕಿರಿಯರು ಮೊದಲು ಕೇಳಬೇಕು. ಅವಳು ಅವನ ಕೈಗೆ ಮುತ್ತಿಟ್ಟಳು. "ನನ್ನನ್ನ ಕ್ಷಮಿಸು, ನೆಡೆಲ್ಚೊ."

"ದೇವರು ಕ್ಷಮಿಸಲಿ," ಅವನು ತಡಮಾಡಲಿಲ್ಲ.

"ಇರು, ಯಾತಕ್ಕೆ ಅಂತ ಕೇಳಿಸ್ಕೊ. ಆ ಸಾಸೇಜಿಗೆ ಜೀರಿಗೆ ಜಾಸ್ತಿ ಹಾಕಿದ್ದು ಬೇಕಂತಲೇ. ನೀನು ಅವಳ ಹೆಸರು ಎತ್ತುತೀಯೋ ಇಲ್ವೋ ನೋಡೋಣ ಅಂತ."

ನೆಡೆಲ್ಚೊಗೆ ಅಳು ಬಂತು. ಅವಳ ಪಾಪದ ತೂಕ ಒಂದು ಚಿಟಿಕೆ ಜೀರಿಗೆ.

ಅವಳು ತೊಲೆಗೆ ಕೆಂಪು ದಾರ ಕಟ್ಟಿ ತುದಿಗೆ ಬಿಳಿ ಹಲ್ವಾ ತೂಗುಬಿಟ್ಟು ಗಿರ್ರನೆ ತಿರುಗಿಸಿದಳು. ಕೈ ಬೆನ್ನಹಿಂದೆ ಕಟ್ಟಿ ಬಾಯಲ್ಲೇ ಹಿಡಿಯಬೇಕು, ವರ್ಷಕ್ಕೊಮ್ಮೆಯ ಆಟ. ಹಲ್ವಾ ತಿರುಗುತ್ತಿರುವಾಗಲೇ ಹೇಳಿಬಿಡುವುದು ಎಂದು ನೆಡೆಲ್ಚೊ ನಿಶ್ಚಯಿಸಿದ. ಕಣ್ಣು ಮುಚ್ಚಿ, ನಿಲ್ದಾಣದ ಪ್ರಕಟಣೆಯಂತೆ ಶುರು ಮಾಡಿದ: "ತ್ಸೋನಾ, ನನ್ನನ್ನ ಕ್ಷಮಿಸು, ಬಿಸಿನೀರಿನ ಊರಲ್ಲಿ ನಾನು..." ಎನ್ನುವಷ್ಟರಲ್ಲಿ, ಅರವತ್ತಾರು ವರ್ಷದಲ್ಲಿ ಒಮ್ಮೆಯೂ ಸಿಗದ ಹಲ್ವಾ ಬಂದು ಸೀದಾ ಬಾಯೊಳಗೆ ಕೂತಿತು. ಉಳಿದ ಪ್ರಕಟಣೆಯೆಲ್ಲ ಹಲ್ವಾದೊಳಗೇ ಆಯಿತು.

"ದೇವರು ಕ್ಷಮಿಸಲಿ," ನಗುತ್ತಾ ಚಪ್ಪಾಳೆ ತಟ್ಟಿದಳು ತ್ಸೋನಾ. "ಏನಂದೆ? ಒಂದೂ ತಿಳೀಲಿಲ್ಲ."

ಕ್ಷಮೆ ಸಿಕ್ಕಿತ್ತು. ನುಂಗಿ ಸುಮ್ಮನಾಗಬಹುದಿತ್ತು. ನೆಡೆಲ್ಚೊ ಹಲ್ಲಿಗಂಟಿದ ಹಲ್ವಾವನ್ನು ಬೆರಳಿಂದ ಬಿಡಿಸಿಕೊಂಡು, ಕುರ್ಚಿ ಎಳೆದು ಕೂತು, ಎಲ್ಲವನ್ನೂ ಇನ್ನೊಮ್ಮೆ ನಿಧಾನವಾಗಿ ಹೇಳಿದ. ಲಿಲ್ಯಾನಾ ಮೇಡಂ, ಎರಡು ದಿನ, ಕ್ಲಮೀಡಿಯಾ, ನಿನಗೂ ಇರಬಹುದು, ವಾಸಿಯಾಗತ್ತೆ, ನಾಳೆ ನನ್ನ ಜತೆ ಬಾ.

ದಾರ ಮಾತ್ರ ಇನ್ನೂ ತಿರುಗುತ್ತಿತ್ತು.

"ಕ್ಷಮಿಸು ಅಂತ ಕೇಳಿದೀನಿ," ಅವನು ಮೆಲ್ಲಗೆ ನೆನಪಿಸಿದ.

"ದೇವರು ಕ್ಷಮಿಸಿ ಆಯ್ತಲ್ಲ," ಎಂದಳು ತ್ಸೋನಾ. "ಅವನೇನು ಮಾತ್ರೆ ನುಂಗ್ಬೇಕಾಗಿಲ್ಲ."

ಬಾನಿತ್ಸಾದ ತಟ್ಟೆ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು: "ಬಸ್ಸು ಎಷ್ಟೊತ್ತಿಗೆ?"

"ಏಳೂ ನಲವತ್ತು."

ಬಸ್ಸಿನಲ್ಲಿ ಅವಳು ಡ್ರೈವರ್ ಹಿಂದೆ ಕೂತಳು, ಅವನು ಕಡೆಯ ಸೀಟಿನಲ್ಲಿ. ಇಸ್ಕ್ರಾ ರಕ್ತ ತೆಗೆದಳು, ಬೇರೆ ಮಾದರಿಗಳನ್ನೂ ತೆಗೆದಳು, ಉತ್ತರ ಬರುವವರೆಗೆ ಕಾಯದೆ ಇವತ್ತೇ ಶುರು ಮಾಡಿ ಎಂದು ಮಾತ್ರೆ ಕೊಟ್ಟಳು. ಕಡೆಗೆ ಪೆನ್ನು ಹಿಡಿದು ಚೀಟಿಯತ್ತ ಬಾಗಿದಳು.

"ಇವರು ನಿಮಗೇನಾಗ್ಬೇಕು?"

ತ್ಸೋನಾ ನೆಡೆಲ್ಚೊನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ.

"ಪಕ್ಕದ ಮನೆಯವನು," ಎಂದಳು. ಇಸ್ಕ್ರಾ ಬರೆಯಲು ಹೊರಟಾಗ ಕೈ ಅಡ್ಡ ಹಿಡಿದಳು. "ಪೆನ್ನಲ್ಲಿ ಬೇಡಮ್ಮ. ಪೆನ್ಸಿಲಲ್ಲಿ ಬರ್ಕೊ."

ಇಸ್ಕ್ರಾಳ ಮೇಜಿನಲ್ಲಿ ಪೆನ್ಸಿಲ್ ಇರಲಿಲ್ಲ. ನೆಡೆಲ್ಚೊ ಎದ್ದವನೇ ಬಾಗಿಲು ತೆರೆದು, ಅಂಗೈ ಕೆರೆದುಕೊಳ್ಳುತ್ತ ಕೂತಿದ್ದ ಇಡೀ ಬೆಂಚಿಗೆ ಕೇಳಿಸುವಂತೆ, ರೈಲು ಬಂತು ಎಂದು ಸಾರುವ ದನಿಯಲ್ಲಿ ಕೇಳಿದ: "ಯಾರ ಹತ್ರಾದ್ರೂ ಪೆನ್ಸಿಲ್ ಇದೆಯೇನ್ರಪ್ಪಾ?"