ಹೊಸ್ತಿಲಲ್ಲಿ ಹೇಳಿದ ಹೆಸರು

ನಮ್ಮ ಓಣಿಯ ಅಡಿವೆವ್ವ ಗಂಡನ ಹೆಸರನ್ನು ನೇರವಾಗಿ ಹೇಳಿದವಳೇ ಅಲ್ಲ. ಮತದಾರರ ಪಟ್ಟಿಯವರು ಬಂದು ಕೇಳಿದರೂ ನನ್ನತ್ತ ಕೈ ತೋರಿಸಿ "ಆಕೀನ್ನ ಕೇಳ್ರಿ" ಅನ್ನುತ್ತಿದ್ದಳು. ಮೈಲಾರಪ್ಪ ಎಂದು ನಾನೇ ಬರೆಸಬೇಕು. ಆದರೆ ಮದುವೆಮನೆಯ ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತು "ಗಂಡನ ಹೆಸರ ಹೇಳಿ ಒಳಗ ಬಾ" ಅಂದರೆ ಸಾಕು, ಪ್ರಾಸ ಹೊಂದಿಸಿ, ನಡುವೆ ಹೆಸರಿಟ್ಟು, ಒಡಪು ಹೇಳಿಯೇ ಬಿಡುವಳು. ಬಾಯಿ ಮಾತ್ರ ಸವಣೂರು ಖಾರ!

ನಮ್ಮ ಯಲವಿಗಿ ಸುತ್ತಿನ ಹಳ್ಳಿಗಳ ಹುಡುಗಿಯರಿಗೆಲ್ಲ ಒಡಪು ಕಟ್ಟಿಕೊಟ್ಟವಳು ಅವಳೇ. ಗಂಡನನ್ನು ಹೆಸರು ಹಿಡಿದು ಕರೆಯುವ ಈಗಿನವರೂ ಮದುವೆ ಹತ್ತಿರ ಬಂದರೆ ಫೋನ್ ಮಾಡುತ್ತಾರೆ.

"ಸಿಟ್ಟು ಬಂದ್ರ ಏನ್ ಮಾಡ್ತಾನ ಹುಡುಗ?" ಎಂದು ಒಡಪು ಕಟ್ಟುವ ಮೊದಲು ಕೇಳುವಳು.

"ಮಾತಾಡೂದಿಲ್ರಿ, ಸುಮ್ಮನ ಕುಂದರ್ತಾನ" ಎಂದಳು ಒಬ್ಬಳು.

"ಹಂಗಾರ ಅಂವ ಕಾದ ಹಾಲು. ಕಲಕಬ್ಯಾಡ. ಆರಿದ ಮ್ಯಾಲೆ ಕೆನಿ ಕಟ್ತಾನ."

ಆ ಹುಡುಗಿಗೆ ಗಂಡ ಅರ್ಥವಾದದ್ದು ಅಂದೇ ಇರಬೇಕು.

ಹೋದ ವರ್ಷ ಮೈಲಾರಪ್ಪ ತನ್ನ ವೀಳ್ಯದೆಲೆ ತೋಟದಲ್ಲೇ ಕುಸಿದು ತೀರಿಕೊಂಡ. ನಮ್ಮಲ್ಲಿ ಗಂಡ ಸತ್ತವಳನ್ನು ಒಡಪು ಕೇಳುವುದಿಲ್ಲ. "ಅಂವ ಹ್ವಾದ, ಹೆಸರೂ ಒಯ್ದನಲ್ಲವಾ. ಇನ್ನ ನಾ ಎಲ್ಲಿ ಹೇಳ್ಲಿ?" ಎಂದು ನನ್ನ ಕೈ ಹಿಡಿದು ಅತ್ತಳು.

ಮೊನ್ನೆ ಅವಳ ಅಣ್ಣನ ಮಗಳು ಜಯಶ್ರೀಯ ಮದುವೆಯ ಅರಿಷಿಣ. ಹೊಸ್ತಿಲಲ್ಲಿ ನನ್ನನ್ನು ತಡೆದರು, ನಾನು ತೊದಲುತ್ತ ಏನೋ ಒಂದು ಒಡಪು ಹೇಳಿದೆ. ಹಿಂದೆ ಅಡಿವೆವ್ವ ಬಂದಳು. ನಗುತ್ತಿದ್ದ ಹೆಂಗಸರು ಗಪ್ಪಾಗಿ, ತಲೆ ತಗ್ಗಿಸಿ, ದಾರಿ ಬಿಟ್ಟರು. ಬೈದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಷ್ಟರಲ್ಲಿ ಮಣೆಯ ಮೇಲಿದ್ದ ಜಯಶ್ರೀ ಎದ್ದು ಬಂದು, ಅರಿಷಿಣದ ಕೈಗಳನ್ನು ಬಾಗಿಲಿಗೆ ಅಡ್ಡ ಚಾಚಿ ನಿಂತಳು.

"ಅತ್ತಿ, ಹೆಸರ ಹೇಳದ ಒಳಗ ಬಿಡಂಗಿಲ್ಲ."

"ಬ್ಯಾಡವಾ, ಮಂದಿ ಏನಂದಾರು."

"ಮಂದಿ ಏನರ ಅನ್ಲಿ. ನೀ ಹೇಳು."

ಅಡಿವೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಧ್ವನಿ ಅಂಗಳಕ್ಕೆಲ್ಲ ಕೇಳಿಸಿತು.

"ಎಲಿ ಅಡಿಕಿ ತೀರಿದ್ರೂ ಬಾಯಾಗ ಕೆಂಪು ಉಳದೈತಿ,
ಮೈಲಾರಪ್ಪ ಹ್ವಾದ್ರೂ ಬಾಯಾಗ ಹೆಸರ ಉಳದೈತಿ."

ಜಯಶ್ರೀ ಕೈ ಇಳಿಸಿದಳು. ಅಡಿವೆವ್ವ ಹೊಸ್ತಿಲು ದಾಟಿ ಒಳಗೆ ಬಂದಳು.