ಬೆಟ್ಟದಪುರದಲ್ಲಿ ನಾನು ಮಾಡಿದ ವಿಚಾರಣೆ

ನಾನು ಹುಣಸೂರಿನಲ್ಲಿ ಮಣ್ಣು ಪರೀಕ್ಷೆಯ ಪುಟ್ಟ ಲ್ಯಾಬ್ ತೆರೆದಾಗ ವರ್ಷದ ಕರಾರಿಗೆ ಬಂದ ಮೊದಲ ಗಿರಾಕಿ ಬೆಟ್ಟದಪುರದ ನರ್ಸರಿ ಮಾಲೀಕ ಶಿವಣ್ಣ. ಅದು ಕೈತಪ್ಪಿದರೆ ಲ್ಯಾಬ್ ಮುಚ್ಚಬೇಕಿತ್ತು. ಆದರೂ ಸಹಿಗೆ ಮೊದಲು ಗಿರಾಕಿಯನ್ನು ಪರಿಶೀಲಿಸುವುದು ಕ್ರಮ ಎಂದು ಓದಿದ್ದೆ. ಪ್ರಶ್ನೆಗಳನ್ನು ಬರೆದುಕೊಂಡು, ಅವರಿಗೆ ಹೇಳದೆ ಊರಿಗೆ ಹೋದೆ.

ಟೀ ಅಂಗಡಿಯ ಅಕ್ಕನನ್ನು ಕೇಳಿದೆ, "ಶಿವಣ್ಣ ಹೇಗೆ? ಮಾತಿಗೆ ತಪ್ಪುತ್ತಾರಾ? ಯಾರ ಜೊತೆಗಾದರೂ ಜಗಳ ಇದೆಯಾ?"

"ಬಂಗಾರದಂಥವ ಕಣಪ್ಪ. ತಂಬಾಕು ಸಸಿ ಮಾರಿದ್ರೂ ಬೀಡಿ ಮುಟ್ಟಾಕಿಲ್ಲ. ಅವರವ್ವನೂ ಅಷ್ಟೇ, ಜೋರಿಲ್ಲ."

ಅವ್ವನ ವಿಷಯ ನನ್ನ ಪಟ್ಟಿಯಲ್ಲಿರಲಿಲ್ಲ. ಹೆಚ್ಚುವರಿ ಮಾಹಿತಿ ಎಂದು ಬರೆದುಕೊಂಡೆ. ಇನ್ನೂ ಮೂವರು ಅದನ್ನೇ ಹೇಳಿದರು. ಫಲಿತಾಂಶ ಖಚಿತವೆಂದು ಶಿವಣ್ಣನ ಮನೆಗೆ ನಡೆದೆ.

ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಚಾಪೆ ಹಾಸಿತ್ತು, ಕೇಸರಿಬಾತ್ ಸಿದ್ಧವಿತ್ತು. ಹೊಸ ಶರಟು ತೊಟ್ಟಿದ್ದ ಶಿವಣ್ಣ ನನ್ನ ಗುರುತು ಹಿಡಿದು ಪೆಚ್ಚಾದರು. ಅವರ ತಾಯಿ ಕೇಳಿದರು, "ನಿನ್ ತಂಗಿ ಏನ್ ಓದವ್ಳೆ ಮಗಾ?"

"ನನಗೆ ತಂಗಿ ಇಲ್ಲಮ್ಮ. ಮಣ್ಣು ಪರೀಕ್ಷೆಯ ಕರಾರಿಗೆ ವಿಚಾರಿಸಿದ್ದು."

ಶಿವಣ್ಣ ನಿಧಾನವಾಗಿ ಹೇಳಿದರು, "ಕರಾರು ಬೇಕು ಅಂದ್ರೆ ಟೀ ಅಂಗ್ಡೀಲಿ ನಿಜ ಹೇಳ್ಬುಟ್ಟು ಬನ್ನಿ. ಹೆಣ್ಣಿನ ಕಡೆಯೋರು ಬಂದು ಬ್ಯಾಡ ಅಂದ್ರು ಅಂತ ಊರೆಲ್ಲಾ ಸುದ್ದಿ ಆಗೋಯ್ತದೆ ಕಣ್ರೀ."

ಹೋಗಿ ಹೇಳಿದೆ. ಅಕ್ಕ ನಂಬಲಿಲ್ಲ. "ಮಣ್ಣು ನೋಡಾಕೆ ಮನುಷ್ಯನ ಗುಣ ಯಾಕ್ ಬೇಕು? ಇಷ್ಟ ಇಲ್ಲ ಅನ್ನು, ಸುಳ್ಳ್ಯಾಕೆ."

ಶಿವಣ್ಣ ಪಾಪ, ಸಹಿ ಮಾಡಿದರು. ಈಗ ತಿಂಗಳಿಗೊಮ್ಮೆ ಮಣ್ಣು ತರಲು ಹೋಗುತ್ತೇನೆ. ಆ ಊರಿನಲ್ಲಿ ನಾನು ಒಳ್ಳೆಯ ಸಂಬಂಧ ಬೇಡವೆಂದ ಸೊಕ್ಕಿನವನು. ನನ್ನ ಟೀಗೆ ಮಾತ್ರ ಸಕ್ಕರೆ ಬೀಳುವುದಿಲ್ಲ.