ಕಲಬೆರಕೆ ಡಿಗ್ರಿ

ಲೆಕ್ಕದ ಮೇಡಂ ಅವರ ಹೊಟ್ಟೆಕಿಚ್ಚು ಊರಿಗೆಲ್ಲ ಹಂಚಿದರೂ ಮುಗಿಯದಷ್ಟಿತ್ತು. ಆದರೆ ಅವರು ಅದನ್ನು ಯಾರಿಗೂ ಹಂಚದೆ ಪೂರ್ತಿ ಸ್ವಂತ ತಂಗಿಗೇ ಮೀಸಲಿಟ್ಟಿದ್ದರು. ತಂಗಿಯೂ ಅದೇ ಶಾಲೆಯಲ್ಲಿ ಟೀಚರು. ಅಕ್ಕ ಮೇಲಿನ ಮಹಡಿಯಲ್ಲಿ ದೊಡ್ಡ ತರಗತಿಗಳಿಗೆ ಬೀಜಗಣಿತ ಹೇಳಿದರೆ, ತಂಗಿ ಕೆಳಗೆ ಮೂರನೇ ಕ್ಲಾಸಿಗೆ ಬೆಳಗಿನಿಂದ ಸಂಜೆಯವರೆಗೆ ಎಲ್ಲವನ್ನೂ ಹೇಳುತ್ತಿದ್ದಳು: ಕಾಗುಣಿತ, ಮಗ್ಗಿ, ಬೀಜ ಮೊಳೆಯುವ ಬಗೆ, ಭೂಪಟ, ಕೊನೆಗೆ ಬಣ್ಣದ ಕಾಗದ ಕತ್ತರಿಸುವುದನ್ನೂ.

ಅಕ್ಕ ಗಣಿತವೊಂದನ್ನೇ ಓದಿ ಚಿನ್ನದ ಪದಕ ತಂದವರು. ತಂಗಿ ಸೇರಿದ್ದು, ಮುಂದೆ ಚಿಕ್ಕ ಮಕ್ಕಳಿಗೆ ಪಾಠ ಹೇಳುವವರಿಗೆಂದೇ ಇರುವ ಪದವಿಗೆ. ಭಾಷೆ, ವಿಜ್ಞಾನ, ಲೆಕ್ಕ, ಇತಿಹಾಸ, ಸಂಗೀತ, ಎಲ್ಲದರಲ್ಲೂ ಒಂದಿಷ್ಟು. ಅದಕ್ಕೆ 'ಕಲಬೆರಕೆ ಡಿಗ್ರಿ' ಎಂದು ಹೆಸರಿಟ್ಟವರು ಅಕ್ಕನೇ. ಈಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ತಂಗಿಯೂ ನಗುನಗುತ್ತಾ ಅನ್ನುತ್ತಾಳೆ. ಆ ನಗುವೇ ಅಕ್ಕನಿಗೆ ಹಿಡಿಸದು.

ನಿಜವಾದ ಉರಿ ಬೇರೆ ಕಡೆಯಿತ್ತು. ಗಂಟೆ ಹೊಡೆದರೆ ಅಕ್ಕ ಸೀಮೆಸುಣ್ಣ ಹಿಡಿದು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಬೇಕು. ಯಾವ ಕೋಣೆಯೂ ಅವರದಲ್ಲ. ತಂಗಿಗೆ ತನ್ನದೇ ಕೋಣೆ, ಬಾಗಿಲ ಮೇಲೆ ಮಕ್ಕಳೇ ಬರೆದು ಅಂಟಿಸಿದ ಅವಳ ಹೆಸರು. ಹಲ್ಲು ಬಿದ್ದರೆ ಆ ಮಕ್ಕಳು ಮೊದಲು ಅವಳಿಗೆ ತಂದು ತೋರಿಸುತ್ತವೆ. ಲೆಕ್ಕದ ಮೇಡಂಗೆ ಇಷ್ಟು ವರ್ಷಗಳಲ್ಲಿ ಯಾರೂ ಒಂದು ಹಲ್ಲು ತೋರಿಸಿರಲಿಲ್ಲ.

ಹೀಗಿರುವಾಗ ಅವರ ಒಬ್ಬಳೇ ಮಗಳು ಕಾಲೇಜು ಸೇರುವ ಕಾಲ ಬಂತು. ತಾಯಿಯಂತೆ ಮಗಳು ಎಂದು ಗಾದೆಯೇ ಇದೆಯಲ್ಲ, ಗಣಿತ ಬಿಟ್ಟು ಇನ್ನೇನು ಓದಿಯಾಳು? ಅಮ್ಮ ತಮ್ಮ ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಹಾಕಿಸಿ ಕಾದರು. ಮಗಳು ಊಟಕ್ಕೆ ಕೂತವಳು, ತಾನು ಚಿಕ್ಕಮ್ಮ ಓದಿದ್ದನ್ನೇ ಓದುತ್ತೇನೆ, ಸೋಮವಾರ ಹೋಗಿ ಸೇರಿಬಿಡುತ್ತೇನೆ ಎಂದಳು.

ಅಮ್ಮನ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಮಗಳ ಮೇಲೆ ರೇಗಲಿಲ್ಲ. ಅವಳ ಕಿವಿ ಊದಿದವರು ಯಾರೆಂದು ಅವರಿಗೆ ಅನುಮಾನವೇ ಇರಲಿಲ್ಲ. ಮರುದಿನ ಶಾಲೆ ಬಿಟ್ಟ ಮೇಲೆ ನೆಟ್ಟಗೆ ಮೂರನೇ ಕ್ಲಾಸಿಗೆ ನುಗ್ಗಿದರು. ತಂಗಿ ಪುಟ್ಟ ಕುರ್ಚಿಗಳನ್ನು ಎತ್ತಿ ಮೇಜಿನ ಮೇಲಿಡುತ್ತಿದ್ದಳು.

"ಊರ ಮಕ್ಕಳೆಲ್ಲ ನಿನ್ನ ಹಿಂದೇನೇ ಇದಾರೆ. ಇವಳೊಬ್ಬಳನ್ನಾದ್ರೂ ನನಗೆ ಬಿಡಬಾರದಿತ್ತಾ?"

ತಂಗಿ ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟಳು. "ಅಕ್ಕ, ನಾನು ಗಣಿತ ತಗೋ ಅಂತಾನೇ ಹೇಳಿದ್ದು. ಅಮ್ಮನ ಥರ ಒಂದರಲ್ಲಿ ಗಟ್ಟಿಯಾಗು ಅಂದೆ. ನೀನು ಬೋರ್ಡ್ ಮುಂದೆ ನಿಂತ್ರೆ ಅಷ್ಟು ದೊಡ್ಡ ಹುಡುಗ್ರೂ ತೆಪ್ಪಗೆ ಕೂರ್ತಾರೆ. ನನ್ನನ್ನ ಯಾರು ಮೇಲಿನ ಮಹಡಿಗೆ ಕರೀತಾರೆ ಹೇಳು. ನಿನ್ನ ನೋಡಿದ್ರೆ ನನಗೇನು ಕಮ್ಮಿ ಹೊಟ್ಟೆ ಉರಿಯುತ್ತಾ?"

ಅಕ್ಕನಿಗೆ ಇಂಥ ಸುಖ ಪದಕ ಬಂದ ದಿನವೂ ಸಿಕ್ಕಿರಲಿಲ್ಲ. ನೆಲದ ಮೇಲೆ ಕಾಲಿಡದೆ ಮನೆಗೆ ಬಂದರು. ಚಪ್ಪಲಿಯನ್ನೂ ಬಿಡದೆ ಮಗಳಿಗೆ ಸುದ್ದಿ ಮುಟ್ಟಿಸಿದರು: ನಿನ್ನ ಚಿಕ್ಕಮ್ಮನೇ ಬೇಡ ಅಂದಿದ್ದಾಳಂತೆ, ಇನ್ನು ಯೋಚನೆ ಯಾಕೆ, ಗಣಿತವೇ ಸರಿ.

"ಹೌದು, ಬೇಡ ಅಂದ್ರು," ಎಂದಳು ಮಗಳು, ಬಟ್ಟೆ ಮಡಚುತ್ತಾ. "ಆದ್ರೂ ನಾನು ಅದನ್ನೇ ಓದ್ತೀನಿ. ಲೆಕ್ಕ ಬರದೇ ಇದ್ದಾಗ ನಿನ್ನ ಹತ್ರ ಬರ್ತಿದ್ದೆ ಅಮ್ಮ. ಅವರ ಹತ್ರ ಸುಮ್‌ಸುಮ್ನೆ ಹೋಗ್ತಿದ್ದೆ."

ಅಮ್ಮ ಅಲ್ಲೇ ಮಂಚದ ಅಂಚಿನಲ್ಲಿ ಕೂತರು. ತಂಗಿಯನ್ನು ಬೈಯೋಣವೆಂದರೆ ಈಗ ಅದಕ್ಕೂ ದಾರಿಯಿರಲಿಲ್ಲ.

"ಅವಳು ಬೇಡ ಅಂದ್ರೂ ಅವಳ ಥರ ಆಗ್ತೀಯ," ಎಂದರು ಕೊನೆಗೆ. "ನಾನು ಬಾ ಬಾ ಅಂತ ಕರೆದ್ರೂ ನನ್ನ ಥರ ಆಗಲ್ಲ."

ಮಗಳು ಮಡಚಿದ ಬಟ್ಟೆಯನ್ನು ಅಮ್ಮನ ಪಕ್ಕದಲ್ಲಿಟ್ಟು ಇನ್ನೊಂದನ್ನು ಕೈಗೆತ್ತಿಕೊಂಡಳು.